ಜಟ್ಟಪ್ಪ ಕಡಲ ಬದಿಯ ಮದುವೆಯ ಫೋಟೊ ತೆಗೆದದ್ದು

ಕಡಲ ಬದಿಯಲ್ಲಿ ಒಂದು ಊರು. ಊರಿಗೆ ಒಂದೇ ಫೋಟೊ ಸ್ಟುಡಿಯೊ. ಸ್ಟುಡಿಯೊದಲ್ಲಿ ಮಾದೇವಿ. ಮಾದೇವಿಗೆ ಒಬ್ಬನೇ ಮಗ, ಜಟ್ಟಪ್ಪ. ಆಳು ನೋಡಿದರೆ ಬಾಗಿಲ ತುಂಬ. ಬುದ್ಧಿ ನೋಡಿದರೆ, ಪಾಪ, ಯಾಕೆ ಹೇಳಬೇಕು.

ಸೋಮಾರಿ ಅಲ್ಲ, ಕಳ್ಳ ಅಲ್ಲ. ಹೇಳಿದ ಕೆಲಸವನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಗುಂಪಿನ ಫೋಟೊದಲ್ಲಿ ಯಾರ ತಲೆಯೂ ಕತ್ತರಿಸಿ ಹೋಗಬಾರದು ಅಂದರೆ, ಬರೀ ತಲೆಗಳನ್ನೇ ತೆಗೆದು ತರುತ್ತಿದ್ದ. ಕುತ್ತಿಗೆಯಿಂದ ಕೆಳಗೆ ಆ ಬಳಗವೇ ಇಲ್ಲ.

ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಮಾದೇವಿಯೇ ನಡೆಸಿದ್ದಳು. ಈಗ ಮಂಡಿ ಕೈಕೊಟ್ಟಿತ್ತು. ಮರಳಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಂಜೆಗೆ ಕಾಲು ಬಾತು ಹಲಸಿನಕಾಯಿ. ಅಂಗಡಿಯನ್ನು ಮಗನಿಗೆ ಒಪ್ಪಿಸಬೇಕು, ಇಲ್ಲವೇ ಮುಚ್ಚಬೇಕು. ಒಪ್ಪಿಸಲು ಧೈರ್ಯವಿಲ್ಲ, ಮುಚ್ಚಲು ಮನಸ್ಸಿಲ್ಲ.

ಹೀಗಿರುವಾಗ ಗದಗಿನಿಂದ ದೇಸಾಯರು ಬಂದರು. ಅವರ ಮಗಳು ವಸುಧಾಳಿಗೆ ಕಲ್ಯಾಣ ಮಂಟಪ ಬೇಡವಂತೆ, ಮರಳ ಮೇಲೇ ಮದುವೆ ಆಗಬೇಕಂತೆ.

"ಕಡಲು ಕಾಣಬೇಕ್ರಿ. ಮುಳುಗೋ ಸೂರ್ಯ ಕಾಣಬೇಕು. ಮ್ಯಾಲೆ ಹಾರಿಸಿ ತೆಗೀತಾರಲ್ಲ, ಅದೂ ಬೇಕು," ಅಂದರು ದೇಸಾಯರು. "ಒಬ್ಬಾಕೇ ಮಗಳು. ಮತ್ತೊಮ್ಮೆ ತೆಗಿಯೂಣು ಅಂದ್ರ ಆಗೂದಿಲ್ಲ."

ಅವರು ಅತ್ತ ಹೋದದ್ದೇ ಮಾದೇವಿ ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಕೇಳು ಜಟ್ಟು. ಈ ಮದುವೆ ನೆಟ್ಟಗೆ ಮುಗಿಸಿದರೆ ಅಂಗಡಿ ನಿನ್ನದು. ಇಲ್ಲದಿದ್ದರೆ ಬೀಗ ಜಡಿದು ಕೀಲಿಯನ್ನು ಕಡಲಿಗೆ ಎಸೆದುಬಿಡ್ತೇನೆ."

"ಎಸೆಯೂದು ಎಂತಕ್ಕೆ ಅಮ್ಮಾ? ಮೊಳೆಗೆ ಹಾಕಿಡು."

ಮಾದೇವಿ ಹಣೆಗೆ ಕೈ ಇಟ್ಟುಕೊಂಡಳು. "ಹೋಗು. ಗಂಡು ಹೆಣ್ಣು ಎಲ್ಲಿ ನಿಂತರೆ ಬೆನ್ನ ಹಿಂದೆ ಸೂರ್ಯ ಮುಳುಗ್ತಾನೆ ನೋಡು. ಆ ಜಾಗಕ್ಕೆ ಒಂದು ಗುರುತು ಹಾಕಿ ಬಾ."

ಜಟ್ಟಪ್ಪ ಹೋದ. ಆಗ ಇಳಿತದ ಹೊತ್ತು, ನೀರು ದೂರ ಸರಿದಿತ್ತು. ಒದ್ದೆ ಮರಳಿನಲ್ಲಿ ನಿಂತು ನೋಡಿದ, ಸೂರ್ಯ ಸರಿಯಾಗಿ ಬೆನ್ನ ಹಿಂದೆ. ಹಿಮ್ಮಡಿಯಿಂದ ಚೆಂದದ ಒಂದು ಚೌಕ ಗೀರಿ ಬಂದ.

ಮಾರನೆಯ ದಿನ ಹೂವಿನ ಅಲಂಕಾರದವರು ಬಂದು ಜಾಗ ತೋರಿಸು ಅಂದರು. ಜಟ್ಟಪ್ಪ ಮುಂದೆ ನಡೆದ, ಅವರು ಹಿಂದೆ ನಡೆದರು. ಪಾದ ಮುಳುಗಿತು, ಮಂಡಿ ಮುಳುಗಿತು, ಸೊಂಟ ಮುಳುಗಿತು. ಎದೆಮಟ್ಟದ ನೀರಿನಲ್ಲಿ ನಿಂತು ಜಟ್ಟಪ್ಪ ತಿರುಗಿದ.

"ಇಲ್ಲೇ. ಮಂಟಪ ಇಲ್ಲಿ ಹಾಕಿ."

"ಮದುವೆ ಯಾರಿಗೆ ಮಾರಾಯ, ಮೊಸಳೆಗೋ?" ಅಂದ ಹೂವಿನವ.

ಸುದ್ದಿ ಮಾದೇವಿಗೆ ಮುಟ್ಟಿತು. "ಅಯ್ಯೋ ನನ್ನ ಕರ್ಮವೇ. ಕಡಲ ಬದಿಯಲ್ಲಿ ಇಟ್ಟದ್ದು ಇಟ್ಟಲ್ಲೇ ಇರ್ತದೇನೋ? ಅಲ್ಲಿ ಏನೇ ಇಟ್ಟರೂ ಮೇಲೆ ತೆಂಗಿನ ಮರಕ್ಕೆ ಹಗ್ಗ ಹಾಕಿ ಕಟ್ಟಬೇಕು. ತಿಳೀತಾ?"

"ತಿಳೀತಮ್ಮಾ. ಕಟ್ತೇನೆ."

ಮಾರನೆಯ ದಿನ ಭಟ್ಕಳದಿಂದ ಡ್ರೋನ್ ಹಾರಿಸುವ ಅಯೂಬ ಬಂದ. ಮರಳಿನ ಮೇಲೆ ಚಾಪೆ ಹಾಸಿ, ಡ್ರೋನ್ ಇಟ್ಟು, "ಜಟ್ಟಣ್ಣ, ಒಂದು ಚಹಾ ಕುಡಿದು ಬರ್ತೇನೆ, ಸ್ವಲ್ಪ ನೋಡ್ಕೋ," ಅಂದ.

ಜಟ್ಟಪ್ಪ ನೋಡಿಕೊಂಡ. ಅಮ್ಮ ಹೇಳಿದ್ದು ನೆನಪಿತ್ತು. ನಾರಿನ ಹಗ್ಗ ತಂದು ಡ್ರೋನಿನ ಕಾಲಿಗೆ ಒಂದು ಗಂಟು, ತೆಂಗಿನ ಮರಕ್ಕೆ ಒಂದು ಗಂಟು. ಹಗ್ಗದ ಬಣ್ಣ, ಮರಳಿನ ಬಣ್ಣ ಒಂದೇ.

ಅಯೂಬ ಬಾಯಿ ಒರೆಸಿಕೊಳ್ಳುತ್ತ ಬಂದು ಗುಂಡಿ ಒತ್ತಿದ. ಡ್ರೋನ್ ಗುಂಯ್ ಅಂತ ಎದ್ದಿತು. ಕಡಲ ಕಡೆ ಹೊರಟಿತು. ಹಗ್ಗ ಬಿಗಿಯಿತು. ಆಮೇಲೆ ಗಾಣದ ಎತ್ತಿನ ಹಾಗೆ ಮರಕ್ಕೆ ಸುತ್ತು ಬಂತು, ಸುತ್ತು ಬಂತು, ಸುತ್ತಿ ಸುತ್ತಿ ಕಡೆಗೆ ಕಾಯಿ ಗೊನೆಯ ನಡುವೆ ಹೋಗಿ ಕೂತಿತು. ಇಳಿಸಿ ನೋಡಿದರೆ ಒಂದು ರೆಕ್ಕೆ ಮುರಿದಿತ್ತು. ಅದರಲ್ಲಿ ಬಂದದ್ದು ಒಂದೇ ಚಿತ್ರ: ತೆಂಗಿನ ಮರ, ಎಲ್ಲ ದಿಕ್ಕಿನಿಂದ.

ಅಯೂಬ ಅಂಗಡಿಗೆ ಬಂದು ಗೋಗರೆದ. "ಮಾದೇವಕ್ಕಾ, ರೆಕ್ಕೆ ಬೇರೆ ಹಾಕಿಕೊಳ್ತೇನೆ. ಆದರೆ ನಿನ್ನ ಮಗನನ್ನು ನನ್ನ ಹತ್ತಿರ ಬಿಡಬೇಡ."

"ಹಾರೂದನ್ನು ಕಟ್ಟಿ ಹಾಕ್ತಾರೇನೋ ದಡ್ಡ?" ಅಂದಳು ಮಾದೇವಿ ಮಗನಿಗೆ. "ಹಾರೂದು ಹಾರಲಿ. ನೀನು ಕೈಬಿಟ್ಟು ಹಿಂದೆ ಸರಿದು ಸುಮ್ಮನೆ ನಿಂತು ನೋಡಬೇಕು."

"ಆಯ್ತಮ್ಮಾ. ನಿಂತು ನೋಡ್ತೇನೆ."

ಮದುವೆಯ ಹಿಂದಿನ ಸಂಜೆ. ಗಂಡು ಹೆಣ್ಣನ್ನು ಬಂಡೆಯ ಮೇಲೆ ಕೂರಿಸಿ ಫೋಟೊ ತೆಗೆಯಬೇಕು. ಮಾದೇವಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕ್ಯಾಮರಾ ಹಿಡಿದಿದ್ದಳು. ಬೆಳಕು ಮೆತ್ತಗೆ ಬೀಳಲೆಂದು ಬಿಳಿಯ ದೊಡ್ಡ ಕೊಡೆಯನ್ನು ಜಟ್ಟಪ್ಪನ ಕೈಗೆ ಕೊಟ್ಟಿದ್ದಳು. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಕಡಲ ಗಾಳಿ ಬೀಸಿತು. ಕೊಡೆ ಹಾರಲು ನೋಡಿತು.

ಜಟ್ಟಪ್ಪ ಕೈಬಿಟ್ಟ. ಹಿಂದೆ ಸರಿದ. ಸುಮ್ಮನೆ ನಿಂತು ನೋಡಿದ.

ಕೊಡೆ ದೇಸಾಯರ ತಲೆ ಸವರಿಕೊಂಡು, ರಸ್ತೆ ದಾಟಿ, ಮೀನು ಒಣಗಿಸುವ ಅಂಗಳದಲ್ಲಿ ಬಂಗಡೆಯ ರಾಶಿಯ ಮೇಲೆ ಬೋರಲು ಬಿತ್ತು. ತಂದು ಮತ್ತೆ ಹಿಡಿದರೆ ಮದುಮಗ ಮೂಗು ಮುಚ್ಚಿಕೊಂಡ, ಮದುಮಗಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮುಖವೇ ಇಲ್ಲದ ಮೇಲೆ ಫೋಟೊ ಯಾರದು? ಸೂರ್ಯ ಕಾಯಲಿಲ್ಲ, ಮುಳುಗಿದ.

"ಯವ್ವಾ ಮಾದೇವಿ," ಅಂದರು ದೇಸಾಯರು, "ನಾಳಿಗೆ ಹಿಂಗಾತಂದ್ರ ನಾ ಸುಮ್ನಿರೂದಿಲ್ಲ ನೋಡು."

ಮನೆ ಹೊಕ್ಕದ್ದೇ ಮಾದೇವಿ ಮಗನನ್ನು ತರಾಟೆಗೆ ತೆಗೆದುಕೊಂಡಳು.

"ಕೈಗೆ ಕೊಟ್ಟದ್ದನ್ನು ಬಿಡೂದುಂಟೇನೋ? ನಾಳೆ ನಿನ್ನ ಕೈಗೆ ಏನೇ ಬರಲಿ, ಗಟ್ಟಿಯಾಗಿ ಹಿಡಿ. ನಾನು ಬಿಡು ಅನ್ನೂವರೆಗೆ ಬಿಡಬೇಡ. ದೇವರೇ ಬಂದು ಕೇಳಿದರೂ ಬಿಡಬೇಡ."

"ಬಿಡೂದಿಲ್ಲಮ್ಮಾ."

ಬೆಳಗಾಯಿತು. ಮರಳ ಮೇಲೆ ಮಂಟಪ, ಹಿಂದೆ ನೀಲಿ ಕಡಲು. ಗಂಡು ಆಚೆ, ಹೆಣ್ಣು ಈಚೆ, ನಡುವೆ ಅಂತರಪಟ. ಅಂತರಪಟದ ಒಂದು ತುದಿ ಹಿಡಿದಿದ್ದ ಸೋದರಮಾವನಿಗೆ ಕಣ್ಣಲ್ಲಿ ಮರಳು ಹೊಕ್ಕಿತು. "ತಮ್ಮಾ, ಚೂರು ಹಿಡಿಯೋ," ಅಂತ ಪಕ್ಕದಲ್ಲಿದ್ದ ಜಟ್ಟಪ್ಪನ ಕೈಗೆ ಕೊಟ್ಟ.

ಜಟ್ಟಪ್ಪ ಹಿಡಿದ. ಗಟ್ಟಿಯಾಗಿ ಹಿಡಿದ.

ಭಟ್ಟರು ಸಾವಧಾನ ಅಂದರು. ಮುಹೂರ್ತ ಬಂತು. ಗಟ್ಟಿಮೇಳ ಎದ್ದಿತು. ಆಚೆ ತುದಿಯವನು ಬಿಟ್ಟ. ಈಚೆ ತುದಿಯಲ್ಲಿದ್ದ ಜಟ್ಟಪ್ಪ ಆ ತುದಿಯನ್ನೂ ಹಿಡಿದುಕೊಂಡು, ಎರಡು ಕೈ ಅಗಲಿಸಿ, ನಡುವೆ ನಿಂತೇಬಿಟ್ಟ.

"ತೆಗಿಯೋ," ಅಂದರು ಭಟ್ಟರು.

"ಅಮ್ಮ ಹೇಳಿಲ್ಲ."

"ಮುಹೂರ್ತ ಮೀರ್ತದೋ," ಅಂದರು ದೇಸಾಯರು. ಎಳೆದರು. ಸೋದರಮಾವ ಎಳೆದ. ಜಟ್ಟಪ್ಪ ಜಗ್ಗಲಿಲ್ಲ.

ಮಾದೇವಿ ಕುರ್ಚಿಯಿಂದ ಬಿಡು ಬಿಡು ಅಂತ ಕೂಗಿದಳು. ಗಟ್ಟಿಮೇಳದ ಅಬ್ಬರದಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಮುಗಿಯಿತು, ಅಂಗಡಿಯೂ ಮುಗಿಯಿತು, ಅಂದುಕೊಂಡಳು.

ಆಗ ವಸುಧಾ ಹಿಂದೆ ಮುಂದೆ ನೋಡಲಿಲ್ಲ. ಮುಷ್ಟಿಯಲ್ಲಿ ಜೀರಿಗೆ ಬೆಲ್ಲ ಬಿಗಿಹಿಡಿದು, ಬಗ್ಗಿ, ಅಂತರಪಟದ ಅಡಿಯಿಂದ ನುಸುಳಿ ಗಂಡಿನ ಎದುರಿಗೆ ಎದ್ದು ನಿಂತಳು. ಅವನ ತಲೆಯ ಮೇಲೆ ಜೀರಿಗೆ ಬೆಲ್ಲ ಸುರಿದಳು. ಅವನು ನಕ್ಕ, ಅವಳು ನಕ್ಕಳು. ಹಿಂದೆ ಗಾಳಿಗೆ ಉಬ್ಬಿದ ಅಂತರಪಟ ದೋಣಿಯ ಹಾಯಿಯ ಹಾಗೆ. ಮಾದೇವಿಯ ಕೈ ತಾನಾಗಿ ಕ್ಯಾಮರಾ ಎತ್ತಿತು, ಬೆರಳು ತಾನಾಗಿ ಒತ್ತಿತು.

ದೇಸಾಯರು ಕೆಂಡವಾಗಿ ಬಂದರು. "ನನ್ನ ಮಗಳ ಲಗ್ನಕ್ಕ ಅಡ್ಡ ನಿಲ್ಲಾಕ ಅಂವ ಯಾರು?"

ಮಾದೇವಿ ಕ್ಯಾಮರಾ ತಿರುಗಿಸಿ ತೋರಿಸಿದಳು. ವಸುಧಾ ಅಪ್ಪನ ಭುಜದ ಮೇಲಿಂದ ಇಣುಕಿದಳು.

"ಅಪ್ಪಾ, ಉಳಿದದ್ದು ಬಂದ್ರ ಬರಲಿ, ಬಿಟ್ರ ಬಿಡಲಿ. ಇದೊಂದು ದೊಡ್ಡದು ಮಾಡಿಸಿ ಗ್ವಾಡಿಗೆ ಹಾಕ್ತೀನಿ."

ದೇಸಾಯರು ಇನ್ನೊಮ್ಮೆ ನೋಡಿದರು. ಮೀಸೆಯಡಿಯಲ್ಲಿ ನಗು ಬಂತು. "ಆತು. ನಡೀರಿ, ಊಟಕ್ಕ ಏಳ್ರಿ."

ಎಲ್ಲರೂ ಎದ್ದರು. ಎಲೆ ಹಾಕಿಯಾಯಿತು, ಹೋಳಿಗೆ ಬಡಿಸಿಯಾಯಿತು. ಜಟ್ಟಪ್ಪ ಎಲ್ಲಿ? ಖಾಲಿ ಮಂಟಪದಲ್ಲಿ ಅಂತರಪಟ ಹಿಡಿದು ನಿಂತೇ ಇದ್ದ. ಮೂಗಿನ ತುದಿಯಲ್ಲಿ ಬೆವರು. ಒರೆಸಲು ಕೈ ಇಲ್ಲ.

ಮಾದೇವಿ ಮಂಡಿ ಹಿಡಿದುಕೊಂಡು ಮರಳಲ್ಲಿ ನಡೆದು ಬಂದಳು. ಸೆರಗಿನಿಂದ ಅವನ ಮೂಗು ಒರೆಸಿದಳು. ತಂದಿದ್ದ ಹೋಳಿಗೆಯನ್ನು ಮುರಿದು ಬಾಯಿಗಿಟ್ಟಳು. ಅವನು ತಿಂದ. ಅವಳು ನೋಡುತ್ತ ನಿಂತಳು. ಹಿಡಿದದ್ದನ್ನು ಬಿಡದವನು. ಇಂಥವನಿಗಲ್ಲದೆ ಅಂಗಡಿಯನ್ನು ಇನ್ನು ಯಾರಿಗೆ ಕೊಡುವುದು?

"ಬಿಡು ಮಗಾ," ಅಂದಳು.

ಜಟ್ಟಪ್ಪ ಬಿಟ್ಟ.

ಆ ರಾತ್ರಿ ಕೀಲಿಯನ್ನು ಅವನ ಕೈಗಿಟ್ಟಳು. ಬರೀ ಕೀಲಿಯನ್ನಷ್ಟೇ ಕೊಡುವುದು ಹೇಗೆ, ಜೊತೆಗೊಂದು ಬುದ್ಧಿಮಾತೂ ಬೇಕಲ್ಲ. "ನೋಡು, ನಕ್ಕಾಗ ತೆಗೆದದ್ದೇ ಫೋಟೊ. ಎದುರಿಗೆ ಕೂತವರು ನಗೂವರೆಗೆ ಗುಂಡಿ ಒತ್ತಬೇಡ."

"ಒತ್ತೂದಿಲ್ಲಮ್ಮಾ."

ಮಾರನೆಯ ದಿನ ಮಧ್ಯಾಹ್ನ ಮಾದೇವಿ ಅಂಗಡಿಗೆ ಹೋದರೆ ಬಾಗಿಲ ತುಂಬ ಜನ. ಒಳಗೆ ಸ್ಟೂಲಿನ ಮೇಲೆ ಪುಟ್ಟಯ್ಯ ಮಾಸ್ತರು. ನಿವೃತ್ತರು. ಪಿಂಚಣಿ ಕಾಗದಕ್ಕೆ ಫೋಟೊ ಬೇಕಾಗಿ ಬೆಳಿಗ್ಗೆಯೇ ಬಂದು ಕೂತವರು. ಊರಲ್ಲಿ ಅವರ ಕೈಯಲ್ಲಿ ಓದಿದ ಯಾರೂ ಅವರ ಹಲ್ಲು ಕಂಡದ್ದಿಲ್ಲ.

"ನಗಿ ಸಾರ್," ಅಂದ ಜಟ್ಟಪ್ಪ.

"ನಾನು ನಗುವುದಿಲ್ಲ," ಅಂದರು ಮಾಸ್ತರು.

"ಹಾಗಾದರೆ ನಾನು ಒತ್ತೂದಿಲ್ಲ."

"ನಾನು ಏಳುವುದೂ ಇಲ್ಲ."

ಬಾಗಿಲಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಮಾಸ್ತರು ಕಲ್ಲು, ಜಟ್ಟಪ್ಪ ಬಂಡೆ. ಮಾದೇವಿ ಒಳಗೆ ಹೋಗಿ, ಕಾಲು ನೋವಿಗೆ ಪಕ್ಕದ ಸ್ಟೂಲಿನಲ್ಲಿ ಕೂತು, ಮಾಸ್ತರಿಗೆ ಸಮಾಧಾನ ಹೇಳಬೇಕೆಂದು ಅವರ ಮುಖ ನೋಡಿದಳು. ನೋಡಿದ್ದೇ ತಡ, ತಡೆಯಲಾರದೆ ನಕ್ಕುಬಿಟ್ಟಳು.

ಜಟ್ಟಪ್ಪ ಗುಂಡಿ ಒತ್ತಿದ.

ಫೋಟೊ ಹೊರಗೆ ಬಂತು. ಬಿಗಿದ ತುಟಿಯ ಪುಟ್ಟಯ್ಯ ಮಾಸ್ತರು, ಪಕ್ಕದಲ್ಲಿ ಹಲ್ಲು ಬಿಟ್ಟ ಮಾದೇವಿ.

"ಇದನ್ನು ಪಿಂಚಣಿ ಆಫೀಸಿಗೆ ಕೊಟ್ಟರೆ," ಅಂದರು ಮಾಸ್ತರು ನಿಧಾನಕ್ಕೆ, "ನನ್ನ ಹೆಂಡತಿಗೆ ಎಂತ ಹೇಳಲಿ?"

"ಎದುರಿಗೆ ಕೂತವರು ನಕ್ಕರಲ್ಲ ಅಮ್ಮಾ," ಅಂದ ಜಟ್ಟಪ್ಪ.

ಮಾದೇವಿ ಬುದ್ಧಿ ಹೇಳಲು ಬಾಯಿ ತೆರೆದಳು. ನಾಳೆ ಬರುವ ಗಿರಾಕಿಯನ್ನು ನೆನೆದು ಮುಚ್ಚಿಕೊಂಡಳು.