ಸೇನಾಧಿಪತಿಯ ಕೆಂಪು ಅಂಗಿ

"ಗುರುಗಳೇ, ಮಗಳಿಗಾಗಿ ನಾನು ಮಾಡದ್ದಿಲ್ಲ. ಆದರೂ ಅವಳು 'ಅಪ್ಪಾ, ಸ್ವಲ್ಪ ಉಸಿರಾಡೋಕೆ ಬಿಡು' ಅನ್ನುತ್ತಾಳೆ. ಪ್ರೀತಿಸುವುದೂ ತಪ್ಪೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು:

ಒಂದೂರಿನಲ್ಲಿ ಒಬ್ಬ ದರ್ಜಿ. ಅವನ ಹೊಲಿಗೆ ಎಂಥದೆಂದರೆ, ಎಳೆಗಳ ನಡುವೆ ಕಾಲಿಡಲು ಜಾಗ ಸಿಗದೆ ಇರುವೆಗಳು ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ಅವನ ಹೆಂಡತಿಗೆ ನಾಟಕದ ಹುಚ್ಚು. ಊರ ಹೆಂಗಸರ ನಾಟಕದಲ್ಲಿ ಹನ್ನೊಂದು ವರ್ಷ ದಾಸಿಯಾಗಿ ಚಾಮರ ಬೀಸಿದ್ದಳು. ಹನ್ನೆರಡನೆಯ ವರ್ಷ ಸೇನಾಧಿಪತಿಯ ಪಾತ್ರ ಸಿಕ್ಕಿತು. ಕೋಟೆ ಬಾಗಿಲಲ್ಲಿ ನಿಂತು, ಕತ್ತಿ ಮೇಲೆತ್ತಿ, "ಬನ್ನಿ ನನ್ನ ಹಿಂದೆ!" ಅನ್ನಬೇಕು. ಅಷ್ಟಕ್ಕೇ ಅವಳು ತಿಂಗಳುಗಟ್ಟಲೆ ಅಡುಗೆಮನೆಯಲ್ಲಿ ಸೌಟು ಎತ್ತಿ ಎತ್ತಿ ಅಭ್ಯಾಸ ಮಾಡಿದಳು.

ದರ್ಜಿ ಅಂಗಿ ಹೊಲಿಯಲು ಕೂತ. ಇಪ್ಪತ್ತು ವರ್ಷ ಅವಳ ರವಿಕೆ ಹೊಲಿದವನು, ಕಣ್ಣಳತೆಯೇ ಸಾಕೆಂದುಕೊಂಡ. ಕೆಂಪು ಮಖಮಲ್ಲಿಗೆ ನಾಲ್ಕು ಸಾಲು ಹಿತ್ತಾಳೆ ಗುಂಡಿ ಇಟ್ಟ. ಭುಜಕ್ಕೆ ಜರಿಯ ಗೊಂಡೆ ಕಟ್ಟಿದ. ಡಬ್ಬಿಯ ತಗಡು ಕತ್ತರಿಸಿ ಪದಕ ಮಾಡಿ ಎದೆ ತುಂಬ ಹೊಲಿದ. ಅಷ್ಟಕ್ಕೂ ಮನಸ್ಸು ತುಂಬದೆ, ತೋಳಿನಿಂದ ಕಂಕುಳಿಗೆ, ಕಂಕುಳಿನಿಂದ ಸೊಂಟಕ್ಕೆ ಜರಿಯ ಹಗ್ಗ ಬಿಗಿದ. ಅಂಗಿಯನ್ನು ಬಾಗಿಲಿಗೆ ತೂಗುಹಾಕಿದರೆ, ಅದರ ಹೊಳಪಿಗೆ ಬೆಳಗಾಯಿತೆಂದು ಮೂರು ಊರಿನ ಕೋಳಿಗಳು ಸಂಜೆ ಹೊತ್ತಲ್ಲಿ ಕೂಗಿದವು.

ನಾಟಕದ ದಿನ ಅವಳು ಅಂಗಿ ತೊಟ್ಟು ಪರದೆಯ ಹಿಂದೆ ನಿಂತಳು. ಕತ್ತಿ ಎತ್ತಲು ನೋಡಿದಳು. ಮೊಣಕೈ ಸೊಂಟ ಬಿಡಲಿಲ್ಲ.

"ರೀ, ಕೈಯೇ ಏಳ್ತಿಲ್ಲವಲ್ರೀ!"

"ಎತ್ತಲೇಬೇಕೇನೇ? ಸುಮ್ಮನೆ ನಿಂತ್ಕೋ. ಈ ಹೊಳಪು ನೋಡಿಯೇ ಶತ್ರುಗಳು ಓಡಿಹೋಗ್ತಾರೆ."

"ಸುಮ್ಮನೆ ನಿಲ್ಲೋದನ್ನ ಹನ್ನೊಂದು ವರ್ಷ ಮಾಡಿದೀನಿ," ಎಂದಳು. ಕಣ್ಣು ತುಂಬಿತ್ತು. "ಬಿಚ್ಚಿಟ್ಟು ಹೋಗೋಣ ಅಂದ್ರೆ, ಇಷ್ಟು ಆಸೆಪಟ್ಟು ಹೊಲಿದಿದೀರಿ. ನಿಮ್ಮ ಮುಖ ನೋಡೋಕಾಗಲ್ಲ."

ಹೊರಗೆ ನಗಾರಿ ಮೊಳಗಿತು. ದರ್ಜಿ ಒಮ್ಮೆ ಅಂಗಿ ನೋಡಿದ, ಒಮ್ಮೆ ಅವಳನ್ನು ನೋಡಿದ. ಕತ್ತರಿ ತೆಗೆದು ಜರಿಯ ಹಗ್ಗ ಕಚಕ್ಕನೆ ಕತ್ತರಿಸಿದ. ಎರಡೂ ಕಂಕುಳಲ್ಲಿ ಹೊಲಿಗೆಯನ್ನು ಸೊಂಟದವರೆಗೆ ಹರಿದ. ಒಳಗಿನ ಹಳೇ ಹಳದಿ ರವಿಕೆ ಇಣುಕಿತು.

ಅವಳು ರಂಗಕ್ಕೆ ನುಗ್ಗಿ ಕತ್ತಿ ಎತ್ತಿದಳು. "ಬನ್ನಿ ನನ್ನ ಹಿಂದೆ!" ಎಂದ ಅಬ್ಬರಕ್ಕೆ ಮುಂದಿನ ಸಾಲಿನ ಗಂಡಸರು ಎದ್ದು ಹಿಂಬಾಲಿಸಿದರು. ಅವರಲ್ಲಿ ಇಬ್ಬರು ಇನ್ನೂ ಮನೆಗೆ ಬಂದಿಲ್ಲವಂತೆ. ಹರಿದ ಕಂಕುಳು ಕಂಡು ಯಾರೋ ಕಿಸಕ್ಕೆಂದರು. ಪರದೆಯ ಸಂದಿಯಲ್ಲಿ ನಿಂತ ದರ್ಜಿಗೆ ಅದು ಕೇಳಿಸಲೇ ಇಲ್ಲ. ಜರಿಯ ತುಂಡು ಮುಷ್ಟಿಯಲ್ಲಿ ಹಿಡಿದು, ಎಲ್ಲರಿಗಿಂತ ಜೋರಾಗಿ ಅವನೇ ಜಯಕಾರ ಹಾಕುತ್ತಿದ್ದ.

ಶಿಷ್ಯ ನಕ್ಕ. "ಅರ್ಥವಾಯಿತು ಗುರುಗಳೇ. ಇವತ್ತೇ ಕತ್ತರಿ ಹಿಡಿಯುತ್ತೇನೆ. ಎಲ್ಲಿ ಬಿಚ್ಚಲಿ, ಹೇಳಿ."

ಗುರುಗಳು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

"ನಿನ್ನ ಮಗಳಿಗೆ ಏನಾಗುವ ಆಸೆ ಎಂದು ಯಾವತ್ತಾದರೂ ಕೇಳಿದ್ದೀಯೇನಪ್ಪಾ?"