ಕುಡಿಯದ ಗೌಡನ ಕೆರೆ

ನೀಲನಕೊಪ್ಪಲಿನ ಕೆರೆ ಏರಿಯ ಮೇಲೆ ಈಗ ನಿಂತರೆ ಮೊದಲು ಕಾಣುವುದು ನೀರಲ್ಲ, ನೊರೆ. ಮೇಲಿನ ಪೇಟೆಯ ಚರಂಡಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೊಳವೆ, ಹೊಲಗಳಿಂದ ತೊಳೆದು ಬರುವ ಗೊಬ್ಬರ, ಎಲ್ಲವೂ ಒಂದೇ ಹಳ್ಳದಲ್ಲಿ ಕೂಡಿ ಇಲ್ಲಿಗೇ ಇಳಿಯುತ್ತವೆ. ಉಳಿದ ಕಡೆಯೆಲ್ಲ ಅಂತರಗಂಗೆಯ ಕಳೆ ಕಂಬಳಿಯಂತೆ ಹೊದ್ದುಕೊಂಡಿದೆ. ಏರಿಯ ತುದಿಯಲ್ಲಿ ಸರ್ಕಾರದವರು ನೆಟ್ಟ ಫಲಕದ ಮೇಲೆ ‘ಸಿಂಗರೇಗೌಡನ ಕೆರೆ’ ಎಂದು ಬರೆದಿದೆ. ಆ ಹೆಸರು ಹಿಡಿದು ದಾರಿ ಕೇಳಿದರೆ ಊರಿನಲ್ಲಿ ಯಾರೂ ತೋರಿಸುವುದಿಲ್ಲ. ಕುಡಿಯದ ಗೌಡನ ಕೆರೆ ಎಂದರೆ ಮಾತ್ರ ಚಿಕ್ಕ ಮಕ್ಕಳೂ ಕೈ ತೋರುತ್ತಾರೆ. ಹೊರಗಿನವರು, ಹೆಂಡ ಬಿಟ್ಟ ಯಾವನೋ ಪುಣ್ಯಾತ್ಮನ ಕಥೆಯಿರಬೇಕೆಂದು ನಗುತ್ತಾರೆ. ಅಷ್ಟು ಸುಲಭದ ಕಥೆಯಾಗಿದ್ದರೆ ಚೆನ್ನಾಗಿತ್ತು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲ ಮುಗಿಯುತ್ತ ಬಂದಿದ್ದಾಗ, ಈ ಕೆರೆಯ ಕೆಳಗೆ ಬೆಸ್ತರ ಮುದ್ದಕ್ಕನೆಂಬ ವಿಧವೆ ಮೀನು ಹಿಡಿದು ಬದುಕುತ್ತಿದ್ದಳು ಎನ್ನುತ್ತಾರೆ. ಅವಳಿಗಿದ್ದವಳು ಒಬ್ಬಳೇ ಮಗಳು, ಸಣ್ಣಿ. ಊರ ಗೌಡ ಸಿಂಗರೇಗೌಡ ಕೆರೆಯ ಮೇಲ್ಗಡೆ ನೀಲಿಯ ಬಾನಿಗಳನ್ನು ಕಟ್ಟಿಸಿದ. ಆ ತೊಟ್ಟಿಗಳಲ್ಲಿ ನೀಲಿ ಗಿಡದ ಸೊಪ್ಪು ಕೊಳೆಹಾಕಿ, ಸುಣ್ಣ ಬೆರೆಸಿ, ತಳಕ್ಕಿಳಿದ ಬಣ್ಣವನ್ನು ಇಟ್ಟುಕೊಂಡು, ನಾರುವ ನೀರನ್ನೂ ಕೊಳೆತ ಸೊಪ್ಪನ್ನೂ ಹಳ್ಳಕ್ಕೆ ಬಿಡುತ್ತಿದ್ದರು. ಮೊದಲು ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು, ಆಮೇಲೆ ಹೊಟ್ಟೆ ಮೇಲಾಗಿ ತೇಲಿದವು. ಕೊಕ್ಕರೆಗಳು ಬೇರೆ ಕೆರೆ ನೋಡಿಕೊಂಡವು. ಸೊಳ್ಳೆಮರಿಗಳನ್ನು ನುಂಗುವ ಮೀನಿಲ್ಲದೆ ಸೊಳ್ಳೆಗಳು ಮುತ್ತಿದವು, ಗಬ್ಬದ ಎಮ್ಮೆಗಳು ಕಂದು ಹಾಕಿದವು. ಗಂಗಮ್ಮ ಮುನಿದಳೆಂದು ಊರವರು ಅರಿಶಿನ, ಕುಂಕುಮ, ಮೊಸರನ್ನ ಎಲ್ಲವನ್ನೂ ತಂದು ಅದೇ ನೀರಿಗೆ ಸುರಿದರು. ಮುನಿಸಿನ ಕಾರಣ ಮೂಗಿಗೇ ಬಡಿಯುತ್ತಿದ್ದರೂ ಯಾರೂ ಬಾಯಿಬಿಡಲಿಲ್ಲ. ಅರ್ಧ ಊರಿಗೆ ಕೂಲಿ ಸಿಗುತ್ತಿದ್ದುದು ಆ ಬಾನಿಗಳಲ್ಲೇ.

ಕೊನೆಗೆ ಸಣ್ಣಿಯ ಮೈತುಂಬ ಕಜ್ಜಿಯೆದ್ದು, ಭೇದಿ ಹಿಡಿದು, ಹುಡುಗಿ ಚಾಪೆ ಬಿಟ್ಟೇಳಲಿಲ್ಲ. ಸಿಹಿನೀರಿನ ಬಾವಿ ಇದ್ದದ್ದು ಗೌಡನ ಹಿತ್ತಲಿನಲ್ಲಿ. ಅಲ್ಲಿ ಬೇರೆಯವರು ಸೇದುವಂತಿರಲಿಲ್ಲ. ಮುದ್ದಕ್ಕ ಕೆರೆ ನೀರನ್ನೇ ಸೋಸಿ, ಕಾಯಿಸಿ ಕುಡಿಸಿದಳು. ಕುಡಿಸಿದ್ದು ವಿಷವೆಂದು ಅವಳಿಗೆ ಗೊತ್ತಿತ್ತು, ಕುಡಿಸದೆ ಇರುವ ದಾರಿ ಮಾತ್ರ ಗೊತ್ತಿರಲಿಲ್ಲ. ಗೌಡನ ಬಾಗಿಲಿಗೆ ಅವಳು ಎಷ್ಟು ಅಲೆದಳೋ! ಅವನದು ಪ್ರತಿಸಲವೂ ಒಂದೇ ಮಾತು: “ಕೆರೆ ನೀರ್ಗೆ ಏನೂ ಆಗಿಲ್ಲ ಹೋಗಮ್ಮಿ.”

ಆ ಊರಿನಲ್ಲೊಂದು ಪದ್ಧತಿಯಿತ್ತು. ನ್ಯಾಯ ಕೇಳುವವರು ತಮ್ಮ ಮನೆಯ ನೀರನ್ನೂ ಒಂದು ಚೂರು ಬೆಲ್ಲವನ್ನೂ ತಂದು ಅರಳಿಕಟ್ಟೆಯ ಮುಂದಿನ ಕಲ್ಲಿನ ಮೇಲಿಡಬೇಕು. ಪಂಚರು ಅದನ್ನು ಕುಡಿದ ಮೇಲೆಯೇ ನ್ಯಾಯ ಶುರು. ಕುಡಿದ ಮೇಲೆ ತೀರ್ಪು ಕೊಡದೆ ಯಾರೂ ಏಳುವಂತಿಲ್ಲ. ಬೆಸ್ತರು ಮುಟ್ಟಿದ ನೀರು ಆ ಊರಿನಲ್ಲಿ ಎಲ್ಲರಿಗೂ ನಡೆಯುತ್ತಿದ್ದುದರಿಂದ ಮಡಿಯ ನೆಪ ಹೇಳುವ ಹಾಗೂ ಇರಲಿಲ್ಲ. ಮುದ್ದಕ್ಕ ಚೊಂಬಿನ ತುಂಬ ಕೆರೆ ನೀರು ತಂದಿಟ್ಟಳು. ನಾತ ಕಟ್ಟೆಯವರೆಗೂ ಹರಡಿತು. ಪಂಚರು ಒಬ್ಬರ ಮುಖ ಒಬ್ಬರು ನೋಡಿ, ಕಡೆಗೆ ಎಲ್ಲರೂ ಪಂಚರ ಹಿರಿಯನಾದ ಗೌಡನ ಮುಖ ನೋಡಿದರು.

“ಕುಡೀರಿ ಬುದ್ಧಿ,” ಎಂದಳು ಮುದ್ದಕ್ಕ. “ಏನೂ ಆಗ್ದಿರೋ ನೀರು ಅಂತ ನೀವೇ ಅಲ್ವಾ ಹೇಳಿದ್ದು? ನನ್ ಮಗಳು ಇದ್ನೇ ಕುಡೀತಾ ಅವ್ಳೆ.”

ಗೌಡ ಚೊಂಬು ಎತ್ತಿದ, ಮೂಗಿನ ಹತ್ತಿರ ತಂದ, ಮತ್ತೆ ಕಲ್ಲಿನ ಮೇಲಿಟ್ಟ. “ನಂಗೆ ಬಾಯಾರಿಕೆ ಇಲ್ಲ,” ಎಂದ. ಆಮೇಲೆ ಮೀಸೆ ಸವರಿ, ನೀರು ಕುಡಿಯದ ಮೇಲೆ ನ್ಯಾಯ ಶುರುವಾಗಿಲ್ಲ, ಶುರುವಾಗದ ನ್ಯಾಯಕ್ಕೆ ತೀರ್ಪೂ ಇಲ್ಲವೆಂದು ಹೇಳಿ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಹೊರಟ. ಪಂಚರೂ ಹಿಂದೆಯೇ ಎದ್ದರು. ಪದ್ಧತಿ ಎಳ್ಳಷ್ಟೂ ಮುರಿಯಲಿಲ್ಲ ನೋಡಿ! ಮುದ್ದಕ್ಕ ಕಲ್ಲಿನ ಮೇಲಿನ ಬೆಲ್ಲವನ್ನು ಎತ್ತಿಕೊಂಡು ಅವರ ಬೆನ್ನಿಗೆ ಕೂಗಿ ಹೇಳಿದಳಂತೆ: “ನೀವು ಕುಡಿಯೋಗಂಟ ಈ ಚೊಂಬು ಇಲ್ಲೇ ಇರ್ತದೆ!”

ಮಳೆ ಬರುವ ಮೊದಲೇ ಸಣ್ಣಿ ತೀರಿಕೊಂಡಳು. ಮಗಳನ್ನು ಮಣ್ಣುಮಾಡಿ ಬಂದ ಮುದ್ದಕ್ಕ ಅಂದೂ ಚೊಂಬು ತುಂಬಿಸಿಟ್ಟಳು, ಬದುಕಿರುವಷ್ಟು ದಿನವೂ ತುಂಬಿಸಿದಳು. ಕೂಲಿ ಹೋದೀತೆಂಬ ಭಯಕ್ಕೆ ಬಾಯಿ ಕಟ್ಟಿಕೊಂಡಿದ್ದ ಜನ ಕೆರೆಯ ಹೆಸರನ್ನು ಮಾತ್ರ ಬದಲಾಯಿಸಿದರು. ಗೌಡ ತಮಟೆ ಹೊಡೆಸಿ ತನ್ನ ಹೆಸರಿನಲ್ಲೇ ಕರೆಯಬೇಕೆಂದು ಸಾರಿಸಿದರೂ ಅದು ಯಾರ ನಾಲಗೆಗೂ ಹತ್ತಲಿಲ್ಲ. ಎಷ್ಟೋ ತಲೆಮಾರುಗಳ ಮೇಲೆ ಬಾನಿಗಳು ನಿಂತದ್ದೇನೋ ನಿಜ. ಆದರೆ ಅದು ಯಾರಿಗೋ ನಾಚಿಕೆಯಾಗಿ ಅಲ್ಲ, ವಿಲಾಯಿತಿಯ ಅಗ್ಗದ ಬಣ್ಣ ಪೇಟೆಗೆ ಬಂದು ನೀಲಿಯನ್ನು ಕೇಳುವವರಿಲ್ಲದೆ.

ಅರಳಿಕಟ್ಟೆ ಇಂದಿಗೂ ಇದೆ. ಎದುರಿನ ಕಲ್ಲಿನಲ್ಲಿ ಚೊಂಬಿನ ತಳ ಸವೆಸಿದ ಗುಳಿಯನ್ನು ಯಾರು ಬೇಕಾದರೂ ಮುಟ್ಟಿ ನೋಡಬಹುದು. ಹೋದ ಬೇಸಿಗೆಯಲ್ಲಿ ಪರೀಕ್ಷೆಗೆಂದು ಬಂದ ಸಾಹೇಬರೊಬ್ಬರು, ನೀರಿಗೆ ಅಂಥದ್ದೇನೂ ಆಗಿಲ್ಲವೆಂದು ಇದೇ ಕಟ್ಟೆಯ ಮೇಲೆ ಕುಳಿತು ಹೇಳಿದರು. ಊರಿನ ಹೆಂಗಸರು ಕೆರೆಗೆ ಹೋಗಿ, ಚೊಂಬು ತುಂಬಿ ತಂದು, ಬೆಲ್ಲದ ಚೂರಿನೊಡನೆ ಆ ಗುಳಿಯಲ್ಲಿಟ್ಟರು. ಸಾಹೇಬರು ಅದನ್ನು ನೋಡಿದರು, ಬಾಯಾರಿಕೆ ಇಲ್ಲವೆಂದರು. ಜೀಪು ಹತ್ತಿದವರೇ ಬಾಟಲಿ ನೀರಿನ ಮುಚ್ಚಳ ತಿರುಗಿಸಿ ಗಟಗಟನೆ ಕುಡಿದರು.