ಏರು ಬಂದರೆ ತಳ್ಳು

ಬಾಯಲ್ಲಿ ಎಲೆ ಅಡಿಕೆ ಇದ್ದವರು ಮೊದಲು ಹೋಗಿ ಉಗಿದು ಬನ್ನಿ. ಆಮೇಲೆ ನಗು ಬಂದು ಪಕ್ಕದವರ ಅಂಗಿ ಕೆಂಪಾದರೆ ನನ್ನನ್ನು ಅನ್ನಬೇಡಿ.

ಹುರುಳಿಬೆಟ್ಟ ಅಂತ ಒಂದೂರು. ಸುತ್ತ ಗುಡ್ಡ, ಗುಡ್ಡದ ಮೈಮೇಲೆಲ್ಲ ರಾಗಿ ಹೊಲ, ಹುರುಳಿ ಹೊಲ. ಅಲ್ಲಿ ನಿಂಗಾಜಮ್ಮ ಅಂತ ಒಬ್ಬ ವಿಧವೆ, ಅವಳಿಗೆ ಜವರ ಅಂತ ಒಬ್ಬನೇ ಮಗ. ಆಳು ನೋಡಿದರೆ ಉಳುವ ಎತ್ತಿನ ಹಾಗಿದ್ದ. ತಲೆ ಮಾತ್ರ ದೇವರು ತುಂಬಿಸೋದು ಮರೆತು ಹಾಗೇ ಕಳಿಸಿಬಿಟ್ಟಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು, ಅದೇ ಅವನ ರೋಗ.

ಒಂದು ದಿನ ನಿಂಗಾಜಮ್ಮ ಹೊಲಕ್ಕೆ ಹೋಗುವಾಗ ಮನೆ ನೋಡಿಕೊಂಡಿರು ಅಂದಳು. ಸಂಜೆ ಬಂದರೆ ಮಗ ಬೀದಿಯ ಆಚೆ ಕಲ್ಲಿನ ಮೇಲೆ ಕೂತು ಮನೆಯನ್ನೇ ನೋಡುತ್ತಿದ್ದಾನೆ. ಒಳಗೆ ಪಕ್ಕದ ಮನೆಯ ಮೇಕೆಗಳು ಒಣಹಾಕಿದ್ದ ಅವರೆಕಾಳನ್ನೆಲ್ಲ ತಿಂದು ತೇಗುತ್ತಿವೆ.

"ಕಣ್ ಮಿಟುಕಿಸ್ದೆ ನೋಡ್ಕಂಡಿದ್ದೆ ಕಣವ್ವ. ಮನೆ ಎಲ್ಲೂ ಹೋಗ್ನಿಲ್ಲ," ಅಂದ.

ನಿಂಗಾಜಮ್ಮ ಹಣೆ ಹಣೆ ಚಚ್ಚಿಕೊಂಡಳು. ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು, ಉಣ್ಣು ಅಂತ ಹೇಳುವವರಿಲ್ಲದಿದ್ದರೆ ತಟ್ಟೆ ಮುಂದೆ ಕೂತೇ ಸಾಯುತ್ತಾನಲ್ಲ ಅಂತ ಅವಳಿಗೆ ಹೆದರಿಕೆ. ಅಷ್ಟರೊಳಗೆ ಬುದ್ಧಿ ಇರುವ ಒಂದು ಹೆಣ್ಣು ತಂದು ಮದುವೆ ಮಾಡಬೇಕು. ಬೇರೆ ಯಾರು ಕೊಡುತ್ತಾರೆ? ತಮ್ಮನ ಮನೆಗೆ ಹೋದಳು.

ತಮ್ಮ ಅಂದರೆ ತಮ್ಮಣ್ಣೇಗೌಡ. ಮೂರು ಹೆಣ್ಣುಮಕ್ಕಳ ತಂದೆ, ಮೂವತ್ತು ಊರಿಗಾಗುವಷ್ಟು ಬಾಯಿ. ಪೇಟೆಯ ಜನ ಕಾರಿನಲ್ಲಿ ಬಂದು, ಚಡ್ಡಿ ಹಾಕಿಕೊಂಡು, ತಲೆಗೆ ತಂಬಿಗೆ ಕವುಚಿಕೊಂಡ ಹಾಗೆ ಹೆಲ್ಮೆಟ್ ಹಾಕಿಕೊಂಡು, ನಾವು ಬೈದುಕೊಂಡು ಹತ್ತುವ ಗುಡ್ಡಗಳನ್ನು ಸೈಕಲ್ ಮೇಲೆ ಹತ್ತಿ ಸಂತೋಷಪಡುತ್ತಾರಲ್ಲ, ಅಂಥವರಿಗೆ ಸೈಕಲ್ ಕೊಟ್ಟು, ಊಟ ಹಾಕಿ, ಹಳೆಯ ಗುಡಿ ಕಲ್ಲು ತೋರಿಸುವುದು ಗೌಡನ ಕಸುಬು. ಅವರು ಯಾವ ಕಲ್ಲಿಗೆ ಬೆರಳು ತೋರಿಸಿದರೂ ಗೌಡನದು ಒಂದೇ ಮಾತು, ಸಾವಿರ ವರ್ಷದ್ದು ಸ್ವಾಮಿ. ವೀರಗಲ್ಲೂ ಸಾವಿರ ವರ್ಷದ್ದು, ಒರಳುಕಲ್ಲೂ ಸಾವಿರ ವರ್ಷದ್ದು. ತನ್ನಪ್ಪ ಕಟ್ಟಿಸಿದ ದನದ ಕೊಟ್ಟಿಗೆಯನ್ನೂ ಬಿಡಲಿಲ್ಲ.

ಗೌಡ ಲೆಕ್ಕ ಹಾಕಿದ. ಕೂಲಿ ಇಲ್ಲದ ಆಳು ಸಿಕ್ಕರೆ ಯಾಕೆ ಬಿಡಬೇಕು? ಸುಗ್ಗಿವರೆಗೆ ಇವನು ನನ್ನ ಸೈಕಲ್ಲಿನ ಕೆಲಸ ಮಾಡಲಿ, ಬಂದವರು ಬೈದುಕೊಂಡು ವಾಪಸು ಹೋಗದ ಹಾಗೆ ನೋಡಿಕೊಂಡರೆ ದೊಡ್ಡವಳು ದೇವೀರಿಯನ್ನು ಕೊಡುತ್ತೇನೆ ಅಂದ. ದೇವೀರಿಯನ್ನು ಕೇಳಿದರೆ ಅವಳು ರಾಗಿ ಕೇರುತ್ತಲೇ ಹೇಳಿದಳು:

"ಕೊಡ್ಲಿ ಬುಡತ್ತೆ. ಹೇಳಿದ್ನ ಮಾಡೋ ಗಂಡಸು ಈ ಊರಲ್ಲಿ ಅವನೊಬ್ನೇಯ. ನಮ್ಮಪ್ಪ ತಾನೇ ಹೇಳಿದ್ನೂ ಮಾಡಾಕಿಲ್ಲ."

ಸರಿ, ಕೆಲಸ ಶುರುವಾಯಿತು. ಮೊದಲ ದಿನ ಗೌಡ ಕೊಟ್ಟಿಗೆಯಲ್ಲಿದ್ದ ಸೈಕಲ್ಲುಗಳನ್ನು ತೋರಿಸಿ, ಬೆಳಗ್ಗೆ ಜನ ಬರುವುದರೊಳಗೆ ಎಲ್ಲವನ್ನೂ ನೋಡಿ ಪಂಚರ್ ಹಾಕಿಡು ಅಂದ. ನಾವು ನೀವಾದರೆ ತೇಪೆ ಹಚ್ಚುತ್ತಿದ್ದೆವು. ಜವರ ಬೇಲಿಗೆ ಹೋಗಿ ಉದ್ದನೆಯ ಜಾಲಿಮುಳ್ಳು ಮುರಿದು ತಂದ. ಮುಂದಿನ ಚಕ್ರಕ್ಕೆ ಒಂದು ಪಂಚರ್ ಹಾಕಿದ, ಹಿಂದಿನ ಚಕ್ರಕ್ಕೆ ಒಂದು ಪಂಚರ್ ಹಾಕಿದ. ಗೋಡೆಗೆ ತೂಗುಹಾಕಿದ್ದ ಹೊಸ ಟ್ಯೂಬುಗಳಿಗೂ ಮೋಸ ಮಾಡಬಾರದು ಅಂತ ಒಂದೊಂದು ಹಾಕಿದ.

ಬಂದವರು ಸೈಕಲ್ಲು ತಳ್ಳಿಕೊಂಡು ನಡೆದೇ ಊರು ಸುತ್ತಿದರು. ಗೌಡ ಕಾಲು ಹಿಡಿಯುವುದಕ್ಕೆ ಸಿದ್ಧನಾಗಿದ್ದ. ಅವರು ಏನು ಹೇಳಿದರು ಗೊತ್ತೆ? ಸೈಕಲ್ ಹತ್ತದೆ ನಡೆದರೇನೇ ಹಳ್ಳಿಯ ಆತ್ಮ ಕಾಣುವುದು ಅಂದರು. ಹಳ್ಳಿಯ ಆತ್ಮ ಗೌಡನ ಅಡುಗೆಮನೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಅವರಿಗೆ ಮುದ್ದೆ ತೊಳಸುತ್ತಿತ್ತು, ಅದು ಯಾರಿಗೂ ಕಾಣಲಿಲ್ಲ. ಅವರು ಹೋದ ಮೇಲೆ ಗೌಡ ಜವರನನ್ನು ಹಿಡಿದುಕೊಂಡ. ಬಡ್ಡೈದನೆ, ತೂತು ಮಾಡೋದಲ್ಲ, ತೂತು ಕಂಡಲ್ಲಿ ಮುಚ್ಚಬೇಕು ಅಂತ ಬೈದ. ಹೂಂ ಮಾವ ಅಂದ ಜವರ.

ಗುಡ್ಡದ ಮೇಲೆ ಒಂದು ಈಶ್ವರನ ಗುಡಿ ಇದೆ. ಅದರ ಗೋಡೆಯಲ್ಲಿ ಒಂದು ತೂತು. ಹೊತ್ತು ಹುಟ್ಟುವಾಗ ಬಿಸಿಲು ಅದರೊಳಗಿಂದ ಬಂದು ಲಿಂಗದ ಮೇಲೆ ಬೀಳುತ್ತದೆ. ಅದನ್ನು ನೋಡುವುದಕ್ಕೆ ಮುಂದಿನ ವಾರದವರು ಚಳಿಯಲ್ಲಿ ಎದ್ದು, ಏದುಸಿರು ಬಿಡುತ್ತ ಪೆಡಲ್ ತುಳಿದುಕೊಂಡು ಬಂದರು. ಜವರ ಅವರಿಗಿಂತ ಮೊದಲೇ ಬಂದಿದ್ದ. ತೂತು ಕಂಡಿದ್ದ. ಹಳೆಯ ಟ್ಯೂಬು ಕತ್ತರಿಸಿ, ಸಲೂಷನ್ ಬಳಿದು, ಮೇಲೆ ಕೆಮ್ಮಣ್ಣು ಮೆತ್ತಿ ಭದ್ರವಾಗಿ ಮುಚ್ಚಿದ್ದ. ಹೊತ್ತು ಹುಟ್ಟಿ ಮೇಲೆ ಬಂದರೂ ಒಳಗೆ ಕತ್ತಲೋ ಕತ್ತಲು. ಒಬ್ಬಮ್ಮ ಕಣ್ಣು ಮುಚ್ಚಿ ಎಂಥಾ ನೆಮ್ಮದಿ ಅಂದರು. ಗೌಡ ತಡಮಾಡಲಿಲ್ಲ, ಈ ಕತ್ತಲೆ ಸಾವಿರ ವರ್ಷದ್ದು ತಾಯಿ ಅಂದ.

ಆಚೆ ಬಂದ ಮೇಲೆ ಜವರನ ಕಿವಿ ಹಿಂಡಿದ. ಹಳೇ ಕಾಲದ್ದನ್ನ ಯಾರೂ ಮುಟ್ಟಬಾರದು, ಸಾವಿರ ವರ್ಷದ್ದು ಅಂದಮೇಲೆ ಅದು ಇದ್ದ ಹಾಗೇ ಇರಬೇಕು ಅಂತ ಹೇಳಿಕೊಟ್ಟ. ಹೂಂ ಮಾವ ಅಂದ ಜವರ.

ಅದೇ ದಿನ ಇಳಿಜಾರಿನಲ್ಲಿ ದಪ್ಪನೆಯ ಸಾಹೇಬರೊಬ್ಬರು ಸೈಕಲ್ ಸಮೇತ ಹಳ್ಳಕ್ಕೆ ಬಿದ್ದರು. ಕೆಳಗೆ ಅವರು, ಮೇಲೆ ಸೈಕಲ್ಲು. ಜವರ ದಡದ ಮೇಲೆ ಕೈಕಟ್ಟಿ ನಿಂತುಕೊಂಡ. ಎತ್ತಪ್ಪ ಅಂದರು. ಜವರ ಬಗ್ಗಿ, ತಾವು ಎಷ್ಟು ವರ್ಷದವರು ಸ್ವಾಮಿ ಅಂತ ಕೇಳಿದ. ಸಾಹೇಬರಿಗೆ ರೇಗಿತು. ಸಾವಿರ ವರ್ಷ ಕಣೋ, ಎತ್ತೋ ಅಂದುಬಿಟ್ಟರು. ಇನ್ನು ಮುಟ್ಟುವುದುಂಟೆ? ಇದ್ದ ಹಾಗೇ ಇರಿ ಅಂತ ಕೈಮುಗಿದು, ಬೇರೆಯವರು ಮುಟ್ಟದ ಹಾಗೆ ಕಾವಲು ಕೂತ. ಒಂದು ಎಮ್ಮೆ ಬಂದು ಹೆಲ್ಮೆಟ್ ಕಳಚಿದ್ದ ಅವರ ಬೋಳುತಲೆ ನೆಕ್ಕಿ ಹೋಯಿತು.

ಈ ಸಲ ಯಾರೂ ಹೊಗಳಲಿಲ್ಲ. ಸಾಹೇಬರು ಬಾಯಿಗೆ ಬಂದ ಹಾಗೆ ಬೈದು ಹೊರಟೇಹೋದರು. ಗೌಡ ಕೆರಳಿ, ಇವನಿಗೆ ನನ್ನ ಮಗಳೂ ಇಲ್ಲ ಮಣ್ಣೂ ಇಲ್ಲ ಅಂತ ಕೂಗಾಡಿದ. ನಿಂಗಾಜಮ್ಮ ಓಡಿಬಂದು ತಮ್ಮನ ಮುಂದೆ ಸೆರಗೊಡ್ಡಿ ಅತ್ತಳು. ಗೌಡ ಮತ್ತೆ ಲೆಕ್ಕ ಹಾಕಿದ, ಸುಗ್ಗಿ ಇನ್ನೂ ದೂರ ಇತ್ತು, ಇದೊಂದು ಸಲ ಬಿಟ್ಟಿದ್ದೀನಿ ಅಂದ. ಕೊನೆಗೆ ಜವರನಿಗೆ ಬಿಡಿಸಿ ಹೇಳಿದ:

"ಜನ ಕಷ್ಟದಲ್ಲಿದ್ರೆ ಸುಮ್ನೆ ನಿಂತ್ಕಬಾರ್ದು ಕಣ್ಲಾ. ಏರು ಬಂತು ಅಂದೇಟ್ಗೆ ಇಳೀಬೇಕು, ಹಿಂದ್ಲಿಂದ ಬಂದು ತಳ್ಬೇಕು. ತಿಳೀತಾ?"

ಹೂಂ ಮಾವ ಅಂದ ಜವರ.

ಹತ್ತುವ ದಾರಿಗೆ ಏರು ಅನ್ನುತ್ತಾರೆ. ಕೆರೆಯ ಕಟ್ಟೆಗೆ ಏರಿ ಅನ್ನುತ್ತಾರೆ. ಇವೆರಡೂ ಬೇರೆ ಅಂತ ಜವರನಿಗೆ ಹೇಳಿಕೊಟ್ಟವರಾರು? ಮುಂದಿನ ಗುಂಪು ಊರ ಕೆರೆಯ ಹತ್ತಿರ ಬಂದಾಗ ಮುಂದಿದ್ದ ಗೌಡ ತಿರುಗಿ, ಏರಿ ಬಂತು, ಹುಷಾರು ಅಂದ. ಜವರ ಸೈಕಲ್ ಇಳಿದ, ಹಿಂದಿನಿಂದ ಬಂದ, ತಳ್ಳಿದ. ಒಬ್ಬರಾದ ಮೇಲೆ ಒಬ್ಬರು ಹೆಲ್ಮೆಟ್ ಸಮೇತ ಕೆರೆಗೆ ಬಿದ್ದರು. ಪುಣ್ಯಕ್ಕೆ ಅಲ್ಲಿ ಸೊಂಟದುದ್ದ ನೀರು. ಎದ್ದು ನಿಂತು ಕೇಕೆ ಹಾಕಿ ನಕ್ಕರು. ಗೌಡನ ಬೋರ್ಡಿನ ಮೇಲೆ ಸಾವಿರ ವರ್ಷದ ಕೆರೆಸ್ನಾನ ಅಂತ ಬರೆಸಿದ್ದಾಯಿತು.

ಆದರೂ ಬೈಗುಳ ತಪ್ಪಲಿಲ್ಲ. ಜವರ ಮೈ ಒರೆಸಿಕೊಳ್ಳುವ ಟವಲನ್ನು ಮೊದಲು ಹುಡುಗರಿಗೆ ಕೊಟ್ಟು, ನರೆತ ತಲೆಯ ಹಿರಿಯರನ್ನು ನಡುಗುತ್ತ ನಿಲ್ಲಿಸಿದ್ದ. ಏನೇ ಮಾಡುವುದಿದ್ದರೂ ಮೊದಲು ದೊಡ್ಡವರಿಗೆ ಮಾಡಬೇಕು, ಇದನ್ನ ಜನ್ಮದಲ್ಲಿ ಮರೀಬೇಡ ಅಂದ ಗೌಡ. ಜವರ ಮರೆಯಲಿಲ್ಲ.

ಸುಗ್ಗಿ ಬಂತು. ಕೊಟ್ಟ ಮಾತಿಗೆ ಊರೇ ಸಾಕ್ಷಿ ಇದ್ದದ್ದರಿಂದ ಗೌಡ ಮನೆಯ ಮುಂದೆ ಚಪ್ಪರ ಹಾಕಿಸಿದ. ಹಳ್ಳಿ ಮದುವೆ ನೋಡಬನ್ನಿ ಅಂತ ಸೈಕಲ್ಲಿನವರನ್ನೂ ಕರೆದ, ಅದರಲ್ಲೂ ಲಾಭ. ಆದರೆ ಅಕ್ಕನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದ. ತಾಳಿ ಕಟ್ಟುವುದರೊಳಗೆ ನಿನ್ನ ಮಗ ಒಂದೇ ಒಂದು ಪೆದ್ದತನ ಮಾಡಿದರೆ ಹುಡುಗಿಯನ್ನು ಎಬ್ಬಿಸಿ ಒಳಗೆ ಕಳಿಸುತ್ತೇನೆ ಅಂದ. ನಿಂಗಾಜಮ್ಮ ಬೆಳಗಿನಿಂದ ನೀರೂ ಕುಡಿಯದೆ ಮಗನ ಹಿಂದೆಯೇ ತಿರುಗುತ್ತಿದ್ದಳು.

ದೇವೀರಿ ಬಂದು ಕೂತಳು. ಜವರ ಪೇಟ ಕಟ್ಟಿಕೊಂಡು ಜಗಲಿಯ ಮೇಲೆ ನಿಂತಿದ್ದ. ಗೌಡ ಚಪ್ಪರದ ಅಂಚಿನಲ್ಲಿ, ಜನರ ಕಡೆ ಮುಖ ಮಾಡಿ ಕೈಮುಗಿದು ನಿಂತಿದ್ದ. ಅವನ ಮುಂದೆಯೇ ದನಗಳ ಕಲಗಚ್ಚು ತುಂಬಿದ ಕಲ್ಲುಬಾನಿ. ಅದರಲ್ಲಿ ಅರಸರ ಕುದುರೆ ನೀರು ಕುಡಿಯುತ್ತಿತ್ತು ಅಂತ ಆಗತಾನೆ ಕತೆ ಹೇಳಿ ಮುಗಿಸಿದ್ದ.

ಪುರೋಹಿತರು ಕರೆದರು, "ಬಾಪ್ಪ, ಹಸೆಮಣೆ ಏರು."

ಏರು! ಜವರ ತಕ್ಷಣ ಜಗಲಿಯಿಂದ ಇಳಿದ. ಏನೇ ಮಾಡುವುದಿದ್ದರೂ ಮೊದಲು ದೊಡ್ಡವರಿಗೆ ಅಲ್ಲವೇ? ಸುತ್ತ ನೋಡಿದ. ಮದುವೆಮನೆಯ ಯಜಮಾನ, ಮಾವನಿಗಿಂತ ದೊಡ್ಡವರು ಯಾರಿದ್ದಾರೆ? ಹಿಂದಿನಿಂದ ಬಂದ, ಬಲವಾಗಿ ತಳ್ಳಿದ. ಗೌಡ ಮುಖ ಅಡಿಯಾಗಿ ಬಾನಿಗೆ ಬಿದ್ದು, ಹೊರಳಿ ಅದರೊಳಗೇ ಕುಕ್ಕರಿಸಿದ. ಮೊನ್ನೆಯ ಹುಳಿ, ನಿನ್ನೆಯ ಗಂಜಿ ಮೀಸೆ ಮೇಲಿಂದ ಇಳಿಯಿತು.

ವಾಲಗ ನಿಂತುಹೋಯಿತು. ನಿಂಗಾಜಮ್ಮ ಅಲ್ಲೇ ಕುಸಿದಳು. ಗೌಡ ಮದುವೆ ಮುರಿಯಿತು ಅಂತ ಅರಚುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಸೈಕಲ್ಲಿನವರೆಲ್ಲ ಫೋನು ಎತ್ತಿ ಹಿಡಿದು ಚಪ್ಪಾಳೆ ತಟ್ಟಿದರು. ಆ ಕತ್ತಲೆಯ ಗುಡಿಯ ಅಮ್ಮ ಮುಂದೆ ಬಂದು ಕೇಳಿದರು:

"ಗೌಡ್ರೇ, ಇದೂ ಸಾವಿರ ವರ್ಷದ ಪದ್ಧತೀನಾ?"

ಗೌಡ ಫೋನುಗಳನ್ನು ನೋಡಿದ. ಅಲ್ಲ ಅಂದರೆ ಕತ್ತಲೆ, ಕೆರೆಸ್ನಾನ, ಕೊಟ್ಟಿಗೆ ಎಲ್ಲದರ ಬುಡವೂ ಅಲ್ಲಾಡುತ್ತದೆ. ಬಾಯಲ್ಲಿದ್ದ ಕಲಗಚ್ಚನ್ನೂ ಬೈಗುಳವನ್ನೂ ಒಟ್ಟಿಗೆ ನುಂಗಿದ.

"ಹೂಂ ತಾಯಿ. ಸಾವಿರ ವರ್ಷದ್ದು."

ಪದ್ಧತಿ ಅಂದಮೇಲೆ ಅದು ಪೆದ್ದತನ ಅಲ್ಲ. ಪೆದ್ದತನ ಅಲ್ಲದಿದ್ದರೆ ಮದುವೆ ನಿಲ್ಲುವ ಹಾಗಿಲ್ಲ. ದೇವೀರಿ ತಾನೇ ಎದ್ದು ಜವರನ ಕೈ ಹಿಡಿದು ತಂದು ಕೂರಿಸಿಕೊಂಡು, ಕಟ್ಟು ಅಂದಳು. ಹೇಳಿದ ಹಾಗೇ ಕಟ್ಟಿದ. ನಿಂಗಾಜಮ್ಮ ಅಳುತ್ತ ನಗುತ್ತ ಅಕ್ಷತೆ ಹಾಕಿದಳು.

"ಅಪ್ಪಾ, ತಂಗೀರಿಬ್ರ ಮದ್ವೆಗೂ ಇದೇ ಪದ್ಧತಿ ತಾನೆ?" ಅಂತ ದೇವೀರಿ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

ಗೌಡ ಏಳುವುದಕ್ಕೆ ನೋಡಿದ, ಸೊಂಟ ಬಾನಿಯಲ್ಲಿ ಸಿಕ್ಕಿಕೊಂಡಿತ್ತು. ಇಬ್ಬರು ಬಂದು ಅವನನ್ನು ಎತ್ತುವುದಕ್ಕೆ ಬಗ್ಗಿದರು. ಜವರ ಅರಿಶಿನದ ಕೈಯಲ್ಲೇ ಓಡಿಬಂದು ಅಡ್ಡ ನಿಂತ.

"ಮುಟ್ಬ್ಯಾಡಿ ಸ್ವಾಮಿ, ಸಾವಿರ ವರ್ಷದ್ದು. ಇದ್ದಂಗೇ ಇರ್ಲಿ."

ಕೊನೆಯ ಪಂಕ್ತಿಯ ಊಟ ಎದ್ದು ಎಲೆ ತೆಗೆಯುವವರೆಗೂ ತಮ್ಮಣ್ಣೇಗೌಡ ಇದ್ದ ಹಾಗೇ ಇದ್ದ. ಬಾನಿ ಈಗಲೂ ಅಲ್ಲೇ ಇದೆ, ಸೈಕಲ್ಲಿನವರು ಅದರ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ. ನೀವೂ ಹೋದರೆ ನೋಡಿ ಬನ್ನಿ, ಎಷ್ಟು ವರ್ಷದ್ದು ಅಂತ ಮಾತ್ರ ಗೌಡನನ್ನು ಕೇಳಬೇಡಿ.